ಏಳು ಗಂಟಿನ ದಾರ

ಹಾನಗಲ್ಲ
9-1-1946

ಪ್ರೀತಿಯ ಮಾಬೂಬಿ,

ರಾತ್ರಿ ಮೂರೂಕಾಲು. ಟ್ರಂಕಿನೊಳಗೆ ಕರಕರ ಸಪ್ಪಳ. ಅಷ್ಟಕ್ಕೇ ಎಚ್ಚರವಾಯಿತು. ಎದ್ದವಳು ಮೊದಲು ಮಾಡಿದ್ದು ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದ್ದು. ರಾತ್ರಿಗೆ ಆರೇಳು ಸಲ ಹೀಗೆ ನೋಡುತ್ತೇನೆ. ಅವನಿಗೆ ಏಳು ತಿಂಗಳು, ಗುಂಡುಕಲ್ಲಿನ ಹಾಗಿದ್ದಾನೆ, ಉಸಿರಾಡುವುದನ್ನು ನನ್ನಿಂದ ಕಲಿಯಬೇಕಾದ್ದೇನೂ ಇಲ್ಲ. ಗೊತ್ತು. ಆದರೂ ಕೈ ಕೇಳುವುದಿಲ್ಲ.

ಕಂದೀಲು ಹಿಡಿದು ಟ್ರಂಕು ತೆಗೆದೆ. ಇಲಿ ನನ್ನ ಕಾಲಮೇಲೆಯೇ ಹಾರಿ ಹೋಯಿತು. ಧಾರವಾಡದಲ್ಲಿ ನಿದ್ದೆಗೆಟ್ಟು ಬರೆದ ತರ್ಕಶಾಸ್ತ್ರದ ನೋಟಬುಕ್ಕು ಅರ್ಧ ಪುಡಿ. ಅದರ ಕೆಳಗಿನ ಬಟ್ಟೆಗಳಿಗೆ ಹಲ್ಲೂ ತಾಗಿಲ್ಲ. ಯಾವ ಬಟ್ಟೆ ಗೊತ್ತೇ? ಮೂವತ್ತೊಂಬತ್ತರ ಕಾಲೇಜು ಸಮ್ಮೇಳನಕ್ಕೆ ನಾನು ಹೊಲಿದು ನೀನು ತೊಟ್ಟ ದರಬಾರಿ ಅಂಗರಖಾ. ಆಮೇಲೆ ನಾನು ನಮ್ಮೂರ ತಾರಕೇಶ್ವರ ಗುಡಿಯ ಕಂಬದ ಹೆಂಗಸನ್ನು ನೋಡಿ ನೋಡಿ ಕಚ್ಚೆ ಹಾಕುವುದನ್ನು ಕಲಿತು, ಮೇಲೆ ಮಾತ್ರ ಮರ್ಯಾದೆಗೆ ಕುಪ್ಪಸ ತೊಟ್ಟು ನಿಂತಿದ್ದೆನಲ್ಲ, ಆ ಸೀರೆ. ಪ್ರಿನ್ಸಿಪಾಲರು ‘ಇದು ಯಾವ ಶತಮಾನ?’ ಎಂದು ಕೇಳಿದಾಗ ನೀನು ‘ಸೊಂಟದ ಕೆಳಗೆ ಹನ್ನೆರಡು, ಮೇಲೆ ಇಪ್ಪತ್ತು’ ಎಂದಿದ್ದೆ.

ಎಲ್ಲಕ್ಕಿಂತ ಕೆಳಗೆ, ಬೇವಿನ ಸೊಪ್ಪಿನಲ್ಲಿ, ನಮ್ಮ ಅತ್ತೆಯ ಮಶ್ರು. ಮೇಲ್ಮೈ ರೇಷ್ಮೆ, ಮೈಗೆ ತಾಗುವ ಒಳಮೈ ಹತ್ತಿ. ದಾಳಿಂಬೆ ಬಣ್ಣ, ಅದರಲ್ಲಿ ಹಳದಿ ಗೆರೆ. ಕಂಟ್ರೋಲಿನ ಈ ಕಾಲದಲ್ಲಿ ಒರಟು ಮಂಜರಪಾಟು ಬಟ್ಟೆಗೂ ಸಾಲು ನಿಲ್ಲಬೇಕು. ಇಂಥ ಬಟ್ಟೆಯನ್ನು ನೇಯುವವರೇ ಎಲ್ಲಿದ್ದಾರೋ. ಬೆಳಗಾದ ಮೇಲೆ ಅತ್ತೆಯನ್ನು ಕೇಳಿದೆ.

‘ಇದನ್ನ ಯಾಕ ಹೊಲಸಲಿಲ್ರಿ ಅತ್ತಿ?’

‘ಹೊಲಸಬೇಕು ಅನ್ನೂದ್ರಾಗ ನಿನ್ನ ಗಂಡ ಹೊಟ್ಯಾಗ ಬಂದ. ಹೊರಗ ಬಂದ ಮ್ಯಾಲ ನನಗ ತಲಿ ಬಾಚ್ಕೋಳಾಕೂ ಪುರಸೊತ್ತು ಕೊಡಲಿಲ್ಲ. ನೀನರ ಹೊಲಿ ತಗೋ. ಹಾಳ ಮಾಡಿದ್ರ ಮಾತ್ರ ನನ್ನ ಮುಂದ ಬರಬ್ಯಾಡ.’

ಇಷ್ಟು ಸಾಕಲ್ಲವೇ? ಮಾಬೂ, ನಾವು ಕಾಲೇಜಿನಲ್ಲಿ ಆಣೆ ಮಾಡಿದ್ದ ಪೇಶ್ವಾಜನ್ನು ಹೊಲಿಯುತ್ತೇನೆ. ಎದೆಗೆ ಬಿಗಿಯಾಗಿ ಕೂತು, ನಡುವಿನಿಂದ ಕೆಳಗೆ ಕೊಡೆಯ ಹಾಗೆ ಬಿಚ್ಚಿಕೊಳ್ಳುವ, ನಿಮ್ಮೂರ ಬೇಗಮ್ಮರು ನೂರು ವರ್ಷದ ಹಿಂದೆ ತೊಡುತ್ತಿದ್ದ ಪೇಶ್ವಾಜು. ಹೊಲಿಯುವವಳು ನಾನು, ತೊಡುವವಳು ನೀನು. ಆಗಿನಂತೆಯೇ. ಬಟ್ಟೆ ಇರುವುದು ಒಂದೇ ಕತ್ತರಿಗೆ. ತಪ್ಪಿದರೆ ಮತ್ತೊಂದಿಲ್ಲ. ನಾನು ತಪ್ಪುವುದಿಲ್ಲ.

ನಿಮ್ಮಜ್ಜ, ದರಬಾರಿನ ದರ್ಜಿ ಗೌಸಸಾಬಜ್ಜರನ್ನು ಕೇಳಿ ಕತ್ತರಿಸುವ ಲೆಕ್ಕ ಬರೆದು ಕಳಿಸು. ಕೂಸಿನ ಸುದ್ದಿ ಹೆಚ್ಚು ಬರೆಯುವುದಿಲ್ಲ. ಚೆನ್ನಾಗಿದ್ದಾನೆ.

ನಿನ್ನ
ದಾನವ್ವ


ಸವಣೂರು
15-1-1946

ದಾನೀ,

ನಿನ್ನ ಇಲಿಗೆ ನನ್ನ ಸಲಾಮು ಹೇಳು. ಏಳು ವರ್ಷ ನಿನ್ನ ಗಂಡ, ಅತ್ತೆ, ಸಂಸಾರ ಸೇರಿ ಮಾಡಲಾಗದ್ದನ್ನು ಅದೊಂದೇ ಮಾಡಿತು, ನಿನ್ನನ್ನು ಮತ್ತೆ ಕತ್ತರಿಗೆ ಎಬ್ಬಿಸಿತು.

ನಿನ್ನ ಕಾಗದವನ್ನು ಅಜ್ಜನಿಗೆ ಓದಿ ಹೇಳಿದೆ. ಮದರಂಗಿ ಹಚ್ಚಿದ ಗಡ್ಡವನ್ನು ಕೆರೆದುಕೊಂಡು ಕೇಳಿದ್ದು ಒಂದೇ ಮಾತು: ‘ಯಾರು, ಎಡಗೈಯಾಗ ಕತ್ರಿ ಹಿಡೀತಿದ್ಲಲ್ಲ, ಆ ಹುಡುಗಿ? ಆಕಿಗೆ ಹೇಳು ಬೇಟಾ, ಅರಿವಿ ನೋಡಿ ಕತ್ರಿ ಎತ್ತಬಾರದು, ಮೈ ನೋಡಿ ಎತ್ತಬೇಕು.’

‘ಬೇಗಮ್ ಸಾಹೇಬರ ಮೈ ನೀವು ನೋಡಿದ್ರೇನು ಅಜ್ಜಾ?’ ಎಂದು ಕೆಣಕಿದೆ.

‘ತೋಬಾ! ನಮ್ಮಜ್ಜ ನೋಡಿಲ್ಲ, ನಮ್ಮಪ್ಪ ನೋಡಿಲ್ಲ, ನಾ ಅವರ ನೆಳ್ಳ ಸೈತ ನೋಡಿಲ್ಲ. ದಾಸಿ ಕೈಯಾಗ ದಾರ ಬರತಿತ್ತು. ದಾರಕ್ಕ ಏಳು ಗಂಟು. ಕೊರಳು, ಹೆಗಲು, ಎದಿ, ನಡ, ತೋಳು, ಮಣಿಕಟ್ಟು, ಉದ್ದ. ಒಂದೊಂದು ಸಲಾನೂ ಹೊಸಾ ದಾರ, ಹೊಸಾ ಗಂಟು. ಆ ಗಂಟು ನೋಡೇ ತಿಳೀತಿದ್ವಿ, ಈ ಸಲ ಯಾರು ಅತ್ತಾರ, ಯಾರು ಉಂಡಾರ, ಯಾರಿಗೆ ತವರಮನಿ ನೆಪ್ಪಾಗೇತಿ. ದಾರ ಸುಳ್ಳ ಹೇಳೂದಿಲ್ಲ.’

ಮುಂದಿನ ಪುಟದಲ್ಲಿ ಅಜ್ಜ ಹೇಳಿದ ಲೆಕ್ಕವಿದೆ. ಕೆಳಗೆ ಬಿಚ್ಚಿಕೊಳ್ಳುವ ಸುತ್ತಿಗೆ, ಘೇರಿಗೆ, ಇಪ್ಪತ್ತನಾಲ್ಕು ತುಂಡು, ಮೇಲೆ ಚೂಪು, ಕೆಳಗೆ ಅಗಲ. ಎದೆಯ ಮುಂದೆ ಗುಂಡಿ ಬೇಡ, ಕಸೆ ಕಟ್ಟುವುದು. ಮೊದಲು ಅಗ್ಗದ ಬಟ್ಟೆಯಲ್ಲಿ ಒಂದು ಹೊಲಿದು ನೋಡಬೇಕಂತೆ. ನನ್ನ ದಾರವನ್ನು ಅಜ್ಜಿಯ ಕೈಯಿಂದ ಅಳೆಯಿಸಿ, ಗಂಟು ಹಾಕಿಸಿ, ಮುಂದಿನ ವಾರ ಕಳಿಸುತ್ತೇನೆ.

ಇನ್ನೊಂದು ಮಾತು. ಕೂಸಿನ ಸುದ್ದಿಯನ್ನು ನೀನು ಚಿಮಟಿಗೆಯಲ್ಲಿ ಹಿಡಿದು ಬರೆಯುತ್ತೀ. ಬೇಡ. ನನ್ನ ಎರಡು ಬಸಿರು ನಿಲ್ಲಲಿಲ್ಲ. ಅದರಲ್ಲಿ ನಿನ್ನ ಕೂಸು ಉಳಿವೆಪ್ಪನ ತಪ್ಪೇನು? ಎರಡು ಸಲವೂ ಅಮ್ಮನಿಗಿಂತ ಮೊದಲು ನಿನಗೇ ಬರೆದಿದ್ದೆ. ಎರಡು ಸಲವೂ ನೀನು ಕೂಸಿನ ತಲೆಗೆ ಹೊದಿಸುವ ಕುಂಚಿಗೆ ಹೊಲಿದು ಕಳಿಸಿದೆ. ಎರಡೂ ಕುಂಚಿಗೆ ನನ್ನ ಪೆಟ್ಟಿಗೆಯಲ್ಲಿವೆ, ಯಾರಿಗೂ ಕೊಟ್ಟಿಲ್ಲ. ಆಗಾಗ ತೆಗೆದು ನಿನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತೇನೆ. ಸಿಗುವುದಿಲ್ಲ, ಸಿಟ್ಟು ಬರುತ್ತದೆ.

ಅವನಿಗೆ ಹಲ್ಲು ಬಂದವೇ? ಬರೆ.

ನಿನ್ನ
ಮಾಬೂಬಿ


ಹಾನಗಲ್ಲ
20-1-1946

ಮಾಬೂ,

ಎರಡು ಹಲ್ಲು ಬಂದಿವೆ. ಒಂದರಿಂದ ನನ್ನನ್ನು ಕಚ್ಚುತ್ತಾನೆ, ಇನ್ನೊಂದರಿಂದ ಗಜದ ಟೇಪು.

ಅಜ್ಜರ ಲೆಕ್ಕದಂತೆ ಮಂಜರಪಾಟಿನಲ್ಲಿ ಒಂದು ಪೇಶ್ವಾಜು ಹೊಲಿದೆ. ನನ್ನದೇ ಅಳತೆಗೆ. ಮುಗಿದಾಗ ಮಧ್ಯಾಹ್ನ. ಇವರು ಮನೆಯ ಮುಂಭಾಗದ ಪೋಸ್ಟ್ ಆಫೀಸಿನಲ್ಲಿ ಠಪಠಪ ಸಿಕ್ಕಾ ಹೊಡೆಯುತ್ತಿದ್ದರು, ಕೂಸು ಮಲಗಿತ್ತು, ಅತ್ತೆ ಮಠಕ್ಕೆ ಹೋಗಿದ್ದರು. ತೊಟ್ಟುಕೊಂಡು ಅಡುಗೆಮನೆಯಲ್ಲಿ ನಿಂತೆ. ನಿಂತರೆ ಏನೂ ಇಲ್ಲ, ಬಿಳಿಯ ಚೀಲ. ಒಂದು ಸುತ್ತು ತಿರುಗಿದೆ ನೋಡು! ಇಪ್ಪತ್ತನಾಲ್ಕು ತುಂಡೂ ಒಟ್ಟಿಗೇ ಎದ್ದವು. ನನ್ನ ಸುತ್ತ ಗಾಳಿಯ ಒಂದು ಚಕ್ರ. ನೂರು ವರ್ಷದ ಹಿಂದಿನ ಒಬ್ಬಳು ನನ್ನ ಬೆನ್ನಿನ ಹುರಿಯನ್ನು ನೆಟ್ಟಗೆ ಮಾಡಿ ನಿಲ್ಲಿಸಿದ ಹಾಗಾಯಿತು. ಕೂಸು ಹುಟ್ಟಿದ ಮೇಲೆ ನನ್ನ ಮೈ ನನ್ನದೆಂದು ಅನ್ನಿಸಿದ್ದು ಅದೇ ಮೊದಲು.

ಎರಡನೆಯ ಸುತ್ತಿಗೆ ಮಜ್ಜಿಗೆಯ ಗಡಿಗೆ ಉರುಳಿತು. ಅತ್ತೆ ಬಾಗಿಲಲ್ಲಿ.

‘ಏನವಾ ದಾನವ್ವಾ, ದರಬಾರ ಇಲ್ಲೇ ಐತೇನು ಇವತ್ತು?’

‘ಮಜ್ಜಗಿ ಚೆಲ್ಲೇತ್ರಿ ಅತ್ತಿ, ಒರಸ್ತೇನಿ.’

‘ಒರಸೂದು ಇರಲಿ. ಹಿಂದ ತಿರುಗು. ಬೆನ್ನಾಗ ಸುಕ್ಕ ಬಿದ್ದೇತಿ. ನನ್ನ ಅರಿವಿಗೆ ಹಿಂಗ ಹೊಲಿದೀಯಾ ಅಂದ್ರ ನೋಡು.’

ಸುಕ್ಕು ನಿಜ. ಬಿಚ್ಚಿ, ಹೆಗಲಿನಲ್ಲಿ ಅರ್ಧ ಬೆರಳು ಇಳಿಸಿದೆ. ಈಗ ಸರಿ.

ಈಗ ದೊಡ್ಡ ಸುದ್ದಿ. ಶಿಗ್ಗಾವಿಯ ಮಹಿಳಾ ಮಂಡಳದ ಸುಶೀಲವ್ವನವರು ಯುಗಾದಿ ಮುಗಿದ ಭಾನುವಾರ, ಏಪ್ರಿಲ್ ಏಳರಂದು, ‘ಹಳೆಯ ಉಡುಪಿನ ಸಂಜೆ’ ಮಾಡುತ್ತಾರಂತೆ. ಹಿರೇಕೆರೂರಿನ ಒಬ್ಬ ಮಾಸ್ತರಿಣಿ ವೀರಗಲ್ಲಿನ ಸೈನಿಕನಾಗಿ ಬರುತ್ತಾರೆ, ಗುರಾಣಿಗೆ ಮನೆಯ ಮೊರವೇ ಅಂತೆ. ನಾನು ಕಂಬದ ಹೆಂಗಸು. ನೀನು ಬೇಗಮ್. ಹಿಂದಿನ ದಿನ ಬಂಕಾಪುರದ ಕೋಟೆಯಲ್ಲಿ ಇಬ್ಬರೂ ಕೂಡಿ, ನವಿಲುಗಳ ಮುಂದೆ ಒಂದು ಸಲ ತೊಟ್ಟು ನೋಡೋಣ. ಅವುಗಳಿಗೂ ಗೊತ್ತಾಗಲಿ ಘೇರು ಅಂದರೇನೆಂದು.

ಇನ್ನೂ ಒಂದು: ನಮ್ಮ ಪೋಸ್ಟಿಗೆ ಟೆಲಿಫೋನು ಬಂದಿದೆ. ನಮ್ಮ ಮಲಗುವ ಕೋಣೆಯ ಗೋಡೆಯ ಆಚೆಗೇ. ನಿನ್ನ ಗಂಡ ಸಿರಾಜುದ್ದೀನರ ಕಚೇರಿಯಲ್ಲಿ ಫೋನು ಇದೆಯಲ್ಲ, ಬೇಕಾದಾಗ ಮಾತಾಡಬಹುದು ಎಂದು ಇವರು ಹೇಳುತ್ತಾರೆ. ನನಗೆ ಅದರ ಗಂಟೆ ಕೇಳಿದರೆ ಎದೆ ಹಾರುತ್ತದೆ. ಕಾಗದವೇ ವಾಸಿ.

ದಾರ ಬೇಗ ಕಳಿಸು. ಮೈ ನೋಡಿ ಕತ್ತರಿ ಎತ್ತಬೇಕೆಂದು ನಿಮ್ಮಜ್ಜರೇ ಹೇಳಿದ್ದಾರೆ.

ದಾನಿ


ಸವಣೂರು
22-2-1946

ದಾನವ್ವ,

ತಡವಾಯಿತು. ದಾರ ಇದರೊಳಗಿದೆ. ಏಳು ಗಂಟೂ ಇವೆ, ಎಣಿಸಿಕೊ.

ಶಾಲೆಗೆ ರಜೆ ಹಾಕಿದ್ದೇನೆ. ಏನೂ ಇಲ್ಲ, ದಣಿವು. ಊಟ ಅಷ್ಟಾಗಿ ಸೇರುವುದಿಲ್ಲ. ಏಪ್ರಿಲ್ ಏಳಕ್ಕೆ ಬರುವುದಾಗುತ್ತದೋ ಇಲ್ಲವೋ, ಈಗಲೇ ಹೇಳಲಾರೆ. ನೀನು ಹೊಲಿಯುವುದನ್ನು ನಿಲ್ಲಿಸಬೇಡ. ಅಜ್ಜ, ಅಜ್ಜಿ ಆರಾಮ.

ಮಾಬೂಬಿ


ಹಾನಗಲ್ಲ
25-2-1946

ಮಾಬೂ,

ಒಂದು ತಿಂಗಳ ಮೇಲೆ ಎರಡು ದಿನ ಕಾಯಿಸಿ, ಆರು ಸಾಲು ಬರೆದೆ. ಸಾಲಿನ ಜಗಳ ಆಮೇಲೆ. ಮೊದಲು ದಾರದ ಮಾತು.

ಮೇಜಿನ ಮೇಲೆ ಹಾಸಿ ಒಂದೊಂದೇ ಗಂಟು ಅಳೆದೆ. ನಾಲ್ಕನೆಯ ಗಂಟಿಗೆ, ನಡುವಿನ ಗಂಟಿಗೆ, ಬಂದಾಗ ಕೈ ನಿಂತಿತು. ಆ ಗಂಟಿನಲ್ಲಿ ನೀಲಿ ಕಲೆ ಇದೆ. ಅದು ನನ್ನ ಪೆನ್ನಿನ ಶಾಯಿ. ಮೂವತ್ತೊಂಬತ್ತರಲ್ಲಿ, ಹಾಸ್ಟೆಲಿನ ಕಿಟಕಿಯ ಹತ್ತಿರ, ನಿನ್ನ ಅಂಗರಖಾದ ಅಳತೆ ಬರೆದುಕೊಳ್ಳುವಾಗ ಪೆನ್ನು ಸೋರಿ ದಾರಕ್ಕೆ ಹತ್ತಿತ್ತು. ‘ನನ್ನ ನಡಕ್ಕೇ ಮಸಿ ಬಳದ್ಯಲ್ಲ’ ಎಂದು ನೀನು ಅಟ್ಟಿಸಿಕೊಂಡು ಬಂದಿದ್ದೆ. ಏಳು ವರ್ಷದ ಹಳೆಯ ದಾರ ಕಳಿಸಿದ್ದೀ.

ಒಂದೊಂದು ಸಲವೂ ಹೊಸ ದಾರ, ಹೊಸ ಗಂಟು ಎಂದು ಬರೆದವಳು ನೀನೇ. ಅಜ್ಜಿಯ ಕೈಯಿಂದ ಅಳೆಯಿಸುತ್ತೇನೆ ಎಂದವಳೂ ನೀನೇ. ಹಾಗಿದ್ದರೆ ಇದೇಕೆ?

ನಿನಗೆ ಒಂದು ಸಂಗತಿ ನಾನು ಎಂದೂ ಹೇಳಿಲ್ಲ. ನನ್ನ ಅಕ್ಕ ಮಹಾದೇವಕ್ಕ ಜ್ವರದಿಂದ ತೀರಿಕೊಂಡಳೆಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಕ್ಷಯ. ಒಂದು ವರ್ಷ ಯಾರಿಗೂ ಹೇಳಲಿಲ್ಲ. ನಾನೊಬ್ಬಳೇ ತಿಳಿಯಬಹುದಾಗಿತ್ತು, ಯಾಕೆಂದರೆ ಅವಳ ಕುಪ್ಪಸ ಹೊಲಿಯುತ್ತಿದ್ದವಳು ನಾನು. ‘ಹೋದ ಸಲದ ಅಳತಿಗೇ ಹೊಲಿ’ ಅನ್ನುತ್ತಿದ್ದಳು. ‘ಸಡಲ ಆಗ್ತೇತಲ್ಲ ಅಕ್ಕಾ?’ ಎಂದರೆ, ‘ಇರಲಿ ಬಿಡು, ಒಳಗ ಅರಿವಿ ಬಿಡು, ನಾ ಮತ್ತ ಮೈ ತುಂಬ್ಕೋತೇನಿ’ ಎಂದು ನಗುತ್ತಿದ್ದಳು. ಏನವ್ವಾ ಸೊರಗಿದೀ ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಮಾತು: ದಣಿವು. ಹಳೆಯ ಅಳತೆಗೆ ನಾನು ಹೊಲಿಯುತ್ತಲೇ ಹೋದೆ. ಕಡೆಯ ಕುಪ್ಪಸ ಅವಳ ಮೈಮೇಲೆ ನಿಲ್ಲಲಿಲ್ಲ.

ಅದಕ್ಕೇ ಕೇಳುತ್ತೇನೆ. ಎಷ್ಟು ಸೊರಗಿದ್ದೀ? ಸಂಜೆ ಮೈ ಬಿಸಿಯಾಗುತ್ತದೆಯೇ? ಕೆಮ್ಮು ಇದೆಯೇ? ಇದ್ದರೆ ಹೆದರಬೇಡ. ಇವರ ಸ್ನೇಹಿತರೊಬ್ಬರು ಮೀರಜಿನಲ್ಲಿ ಡಾಕ್ಟರು, ಕಾಗದ ಬರೆಯಿಸಿ ಇಟ್ಟಿದ್ದೇನೆ. ನಾನೇ ಜೊತೆಗೆ ಬರುತ್ತೇನೆ, ಕೂಸನ್ನು ಅತ್ತೆ ನೋಡಿಕೊಳ್ಳುತ್ತಾರೆ. ಈಗ ಮೊದಲಿನ ಹಾಗಲ್ಲ, ಬೇಗ ಹೋದರೆ ವಾಸಿಯಾಗುತ್ತದೆ.

ಹೊಸ ದಾರ ಕಳಿಸು. ಅದು ಎಷ್ಟೇ ಸಣ್ಣದಿರಲಿ, ಅದಕ್ಕೇ ಹೊಲಿಯುತ್ತೇನೆ. ಹಳೆಯ ದಾರಕ್ಕೆ ಕತ್ತರಿ ಎತ್ತುವುದಿಲ್ಲ. ಇನ್ನೊಮ್ಮೆ ಎತ್ತುವುದಿಲ್ಲ.

ದಾನಿ


ಸವಣೂರು
6-3-1946

ದಾನವ್ವನಿಗೆ,

ಮಹಾದೇವಕ್ಕನ ವಿಷಯ ಎರಡು ಸಲ ಓದಿದೆ. ನೀನು ಅದನ್ನು ಇಷ್ಟು ವರ್ಷ ಒಬ್ಬಳೇ ಹೊತ್ತದ್ದಕ್ಕೆ ನನಗೆ ಸಿಟ್ಟು. ಎದುರಿಗಿದ್ದರೆ ಕಿವಿ ಹಿಂಡುತ್ತಿದ್ದೆ, ಆಮೇಲೆ ಅಪ್ಪಿಕೊಳ್ಳುತ್ತಿದ್ದೆ.

ಆದರೆ ನಾನು ಮಹಾದೇವಕ್ಕನಲ್ಲ. ಮೀರಜಿಗೆ ಯಾರೂ ಹೊರಡಬೇಕಾಗಿಲ್ಲ. ಕೆಮ್ಮು ಇಲ್ಲ. ದಾರ ಅದೇ, ಅದಕ್ಕೇ ಹೊಲಿ. ಬೇರೆ ದಾರ ಬರುವುದಿಲ್ಲ, ಕೇಳಬೇಡ. ಎದೆ ಮತ್ತು ನಡುವಿನ ಹೊಲಿಗೆಯ ಒಳಗೆ ಬಟ್ಟೆ ಧಾರಾಳ ಬಿಡು, ನಾಲ್ಕು ಬೆರಳಾದರೂ ಇರಲಿ ಎಂದು ಅಜ್ಜ ಹೇಳಿದ್ದಾನೆ. ಕಸೆ ಉದ್ದ ಇರಲಿ.

ನನ್ನ ಮೇಲೆ ವಿಶ್ವಾಸವಿಟ್ಟು ಇಷ್ಟು ಮಾಡು. ಕಾರಣ ಹೇಳಲಾರೆ. ನಿನಗೆ ಹೇಳಲಾರೆ ಎಂಬುದೇ ನನಗೆ ಎಲ್ಲಕ್ಕಿಂತ ಕಷ್ಟ.

ಮಾಬೂಬಿ


ಹಾನಗಲ್ಲ
14-3-1946, ಮಧ್ಯಾಹ್ನ ಎರಡು

ನನ್ನ ಮಾಬೂ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಟಪಾಲು ಮೋಟಾರಿನ ಫಕ್ಕೀರಪ್ಪ ನಾಲ್ಕಕ್ಕೆ ಇಲ್ಲಿಂದ ಹೊರಟು, ರಾತ್ರಿ ಎಂಟರೊಳಗೆ ನಿನ್ನ ಕೈಯಲ್ಲೇ ಕೊಡುತ್ತೇನೆಂದು ಒಪ್ಪಿದ್ದಾನೆ. ಬೇರೆ ಯಾರ ಕೈಗೂ ಕೊಡಬಾರದೆಂದು ಅತ್ತೆ ಅವನಿಗೆ ಎರಡು ರೊಟ್ಟಿ ಮತ್ತು ಒಂದು ಬೈಗುಳ ಕೊಟ್ಟು ಹೇಳಿದ್ದಾರೆ.

ನಿನ್ನ ಕಾಗದ ಬಂದ ಮೇಲೆ ಒಂದು ವಾರ ನಾನು ಕತ್ತರಿ ಮುಟ್ಟಲಿಲ್ಲ. ಉಸಿರು ನೋಡುವ ಚಟ ಇಮ್ಮಡಿಯಾಯಿತು. ಕೂಸಿನದು ನೋಡಿ ಆದ ಮೇಲೆ ಕತ್ತಲಲ್ಲಿ ಸವಣೂರಿನ ಕಡೆ ಮುಖ ಮಾಡಿ ಕೂತು, ಅಲ್ಲಿ ನೀನು ಕೆಮ್ಮುತ್ತೀಯೋ ಎಂದು ಆಲಿಸುವ ಹುಚ್ಚಿ ಆಗಿದ್ದೆ. ಹದಿನಾಲ್ಕು ಹರದಾರಿ ದೂರದ ಕೆಮ್ಮು!

ಇವತ್ತು ಬೆಳಿಗ್ಗೆ ಕೂಸು ಮೇಜಿನ ಮೇಲಿದ್ದ ದಾರವನ್ನು ಎಳೆದು ಬಾಯಿಗೆ ಹಾಕಿಕೊಂಡಿತ್ತು. ನಾನು ಕಿರುಚಿದ ರೀತಿಗೆ ಅತ್ತೆ ಬೀಸುವುದನ್ನು ಬಿಟ್ಟು ಓಡಿಬಂದರು. ದಾರವನ್ನು ಅದರ ಬಾಯಿಂದ ತೆಗೆದು, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದರು.

‘ಇದು ದರ್ಜಿ ದಾರ ಅಲ್ಲೇನು? ಎಷ್ಟು ಹಳೇದು, ಬಣ್ಣಾನ ಹೋಗೇತಿ.’

‘ಮಾಬೂಬಿ ಕಳಸ್ಯಾಳ್ರಿ. ಹೊಸಾದು ಕೇಳಿದ್ರ ಇದಕ್ಕ ಹೊಲಿ ಅಂತಾಳ. ಏನೋ ಬ್ಯಾನಿ ಮುಚ್ಚಿಡಾಕತ್ತಾಳ್ರಿ ಅತ್ತಿ. ನಮ್ಮ ಮಹಾದೇವಕ್ಕನಂಗ.’

‘ಆಕಿ ಸವಣೂರ ಗೌಸಸಾಬನ ಮೊಮ್ಮಗಳಲ್ಲ?’

‘ಹೌದ್ರಿ.’

‘ಕೆಂಪ ಗಡ್ಡದ ಗೌಸಸಾಬ?’

‘ಹೌದ್ರಿ. ನಿಮಗ ಹೆಂಗ ಗೊತ್ರಿ?’

ಅತ್ತೆ ಅಲ್ಲೇ ನೆಲದ ಮೇಲೆ ಕೂತು ನಕ್ಕರು. ಮಾಬೂ, ಆ ಹೆಂಗಸು ಹಾಗೆ ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿಲ್ಲ.

‘ಬಿ.ಎ. ಪಾಸ ಮಾಡೀಯಂತ, ಇಷ್ಟ ತಿಳೀಲಿಲ್ಲೇನ ನಿನಗ? ನನ್ನ ತವರಮನಿ ಹಿರೇಬೆಂಡಿಗೇರಿ. ಈ ಮಶ್ರು ಹೊಲಸಾಕ ನಾ ಸವಣೂರಿಗೇ ಹೋಗಿದ್ದೆ, ಆ ಗೌಸಸಾಬನ ಮನೀಗೇ. ಆಗ ಅವನ ಗಡ್ಡ ಕರ್ರಗಿತ್ತೋ ಏನೋ, ಮದರಂಗಿ ಹಚ್ಚಿ ಕೆಂಪ ಮಾಡಿದ್ದ. ಅವನ ಹೆಂಡ್ತಿ ಒಳಗ ಕರಕೊಂಡು ಹೋಗಿ ದಾರ ಹಿಡದ್ಲು. ನಡದ ಹತ್ರ ಬಂದಾಗ ನನ್ನ ಮಾರಿ ನೋಡಿ, ಎಷ್ಟನೇ ತಿಂಗಳವ್ವಾ ಅಂದ್ಲು. ನಾಕು ಅಂದೆ. ದಾರ ಕೈಬಿಟ್ಲು ನೋಡು! ಹೊರಗಿಂದ ಗೌಸಸಾಬ ಅಂದ: ತಾಯೀ, ಹೊಟ್ಯಾಗ ಜೀವ ಇದ್ದಾಗ ನಮ್ಮ ಮನ್ಯಾಗ ದಾರಕ್ಕ ಗಂಟು ಹಾಕೂದಿಲ್ರಿ. ಹಾಕಿದ್ರ ಹಡಿಯೂ ಹೊತ್ತಿನ್ಯಾಗ ಗಂಟು ಬಿಚ್ಚೂದಿಲ್ಲಂತ ಹಿರ್ಯಾರು ಹೇಳ್ಯಾರ. ಹಳೇ ದಾರ ಇದ್ರ ಕೊಡ್ರಿ, ಅದಕ್ಕ ಹೊಲದು ಒಳಗ ಅರಿವಿ ಬಿಡ್ತೇನಿ. ಇಲ್ಲಂದ್ರ ಹಡದ ಮ್ಯಾಲ ಬರ್ರಿ. ನನ್ನ ಹತ್ರ ಹಳೇ ದಾರ ಎಲ್ಲಿತ್ತು? ಅರಿವಿ ಮಡಚಿ ತಂದು ಟ್ರಂಕಿನ್ಯಾಗ ಇಟ್ಟೆ. ಅಲ್ಲಿಂದ ಇವತ್ತಿನ ತನಕ ಅಲ್ಲೇ ಐತಿ.’

ನಾನು ನಿನ್ನ ಕಾಗದವನ್ನು ಓಡಿಹೋಗಿ ತಂದೆ. ನಾಲ್ಕು ಬೆರಳು ಬಟ್ಟೆ ಒಳಗೆ. ಉದ್ದ ಕಸೆ. ಊಟ ಸೇರುವುದಿಲ್ಲ. ಶಾಲೆಗೆ ರಜೆ. ನಿನಗೆ ಹೇಳಲಾರೆ.

ನನಗೇ ಯಾಕೆ ಹೇಳಲಾರೆ ಎಂಬುದೂ ಆಗ ತಿಳಿಯಿತು. ಎರಡು ಸಲ ಮೊದಲು ನನಗೆ ಹೇಳಿದ್ದೆ. ಎರಡು ಸಲ ನಾನು ಆತುರದಿಂದ ಕುಂಚಿಗೆ ಹೊಲಿದೆ. ಈ ಸಲ ಬಾಯಿ ಬಿಗಿಹಿಡಿದಿದ್ದೀ. ಸರಿಯಾಗಿಯೇ ಮಾಡಿದ್ದೀ, ನನಗೇನೂ ಬೇಜಾರಿಲ್ಲ. ಇದ್ದರೆ ಒಂದು ಹಿಡಿಯಷ್ಟು ಇದ್ದೀತು, ಅದನ್ನು ಬಂಕಾಪುರದಲ್ಲಿ ನೀನು ಕಿವಿ ಹಿಂಡುವಾಗ ನಾನೂ ಹಿಂಡಿ ತೀರಿಸಿಕೊಳ್ಳುತ್ತೇನೆ. ಕುಂಚಿಗೆ ಹೊಲಿಯುವುದಿಲ್ಲ. ಪೆಟ್ಟಿಗೆಯಲ್ಲಿ ಎರಡಿವೆ, ಹೊಲಿಗೆಯಲ್ಲಿ ತಪ್ಪಿಲ್ಲವೆಂದು ನೀನೇ ಬರೆದಿದ್ದೀ.

ಈಗ ಮಶ್ರು ನನ್ನ ಮುಂದೆ ಹಾಸಿದೆ. ಸುಣ್ಣದ ಬಳಪದಿಂದ ಗುರುತು ಹಾಕಿದ್ದೇನೆ. ನಿನ್ನ ಹಳೆಯ ದಾರದ ಮೇಲೆ ಎದೆಗೆ ನಾಲ್ಕು ಬೆರಳು, ನಡುವಿಗೆ ಐದು. ನಡುವಿನ ಸಾಲನ್ನು ಎದೆಯ ಹತ್ತಿರಕ್ಕೆ ಏರಿಸಿದ್ದೇನೆ, ಘೇರು ಅಲ್ಲಿಂದಲೇ ಬಿಚ್ಚಿಕೊಳ್ಳಲಿ. ಏಪ್ರಿಲ್ ಏಳರಂದು ನಿನ್ನ ಮುಂದೆ ನಿಂತವರಿಗೆ ರೇಷ್ಮೆ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಇದನ್ನು ಅಜ್ಜರು ಹೇಳಲಿಲ್ಲ, ನಾನೇ ಯೋಚಿಸಿದ್ದು. ಸರಿಯಾಗಿದೆ. ಹೆಂಗಸಿನ ಹೊಟ್ಟೆ ಎಲ್ಲಿಂದ ಮುಂದೆ ಬರುತ್ತದೆ ಎಂಬುದು ಗೌಸಸಾಬಜ್ಜರಿಗಿಂತ ನನಗೆ ಚೆನ್ನಾಗಿ ಗೊತ್ತು. ನೀನು ಬರುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಬರಬೇಡ. ಹಡೆದ ಮೇಲೆ ಒಳಗಿನ ಬಟ್ಟೆ ಹಿಡಿದು ಕೊಟ್ಟರಾಯಿತು. ನವಿಲುಗಳಿಗೆ ಆತುರವಿಲ್ಲ.

ಆದರೆ ಮಾಬೂ, ನನಗೊಬ್ಬ ಅಕ್ಕ ಇದ್ದಳು. ಅವಳೂ ಹಳೆಯ ಅಳತೆಗೇ ಹೊಲಿ ಎಂದಿದ್ದಳು, ಅವಳೂ ಒಳಗೆ ಬಟ್ಟೆ ಬಿಡು ಎಂದಿದ್ದಳು. ಅತ್ತೆ ಹೇಳಿದ್ದು ಸರಿ, ಇಪ್ಪತ್ತಕ್ಕೆ ಹತ್ತೊಂಬತ್ತು ಪಾಲು ಸರಿ. ಉಳಿದ ಒಂದು ಪಾಲು ನನ್ನ ಎದೆಯ ಮೇಲೆ ಕೂತು ಕತ್ತರಿಯನ್ನು ಹಿಡಿದುಕೊಂಡಿದೆ. ಅದನ್ನು ಎಬ್ಬಿಸಲು ಕಾಗದದಿಂದ ಆಗುವುದಿಲ್ಲ, ನಿನ್ನ ದನಿ ಬೇಕು.

ಇವತ್ತು ಸಿರಾಜುದ್ದೀನರದು ಕಚೇರಿಯಲ್ಲಿ ರಾತ್ರಿ ಪಾಳಿ ಎಂದು ಫಕ್ಕೀರಪ್ಪ ಹೇಳಿದ. ಅವರ ಜೊತೆ ಹೋಗು. ನಿಧಾನವಾಗಿ ನಡೆ, ಮೆಟ್ಟಿಲಲ್ಲಿ ಅವರ ಕೈ ಹಿಡಿ. ಫೋನಿನ ಟ್ರಂಕ್ ಕಾಲ್ ಸಿಗುವುದು ಎಷ್ಟು ಹೊತ್ತಾದರೂ ಆಗಲಿ, ನಾನು ಗೋಡೆಗೆ ಒರಗಿ ಕೂತಿರುತ್ತೇನೆ. ಗಂಟೆಯ ಸಪ್ಪಳಕ್ಕೆ ಎದೆ ಹಾರುತ್ತದೆ ಎಂದು ಬರೆದಿದ್ದೆ, ಇವತ್ತು ಹಾರಲಿ.

ಸುದ್ದಿ ಹೇಳಬೇಡ. ತಂತಿಯ ಮೇಲೆ ಎಷ್ಟು ಜನರ ಕಿವಿ ಇರುತ್ತವೋ, ಯಾರ ದೃಷ್ಟಿಯೂ ಬೇಡ. ದರ್ಜಿಯ ಮನೆಯ ಒಂದು ಮಾತು ಹೇಳು ಸಾಕು. ಮೈ ತುಂಬುತ್ತಿದ್ದರೆ ‘ಬಿಡು’ ಅನ್ನು, ನಾನು ಬಟ್ಟೆ ಬಿಡುತ್ತೇನೆ, ಬೆಳಗಿನ ಬೆಳಕಿಗೆ ಕತ್ತರಿ ಹಾಕುತ್ತೇನೆ. ಮೈ ಇಳಿಯುತ್ತಿದ್ದರೆ ‘ಹಿಡಿ’ ಅನ್ನು. ಆಗ ಮಶ್ರು ಮಡಚಿ ಟ್ರಂಕಿಗೆ ಹಾಕಿ, ಇಲಿಗೆ ಕಾವಲು ಅತ್ತೆಯನ್ನು ಕೂಡಿಸಿ, ಆರರ ಮೋಟಾರಿಗೆ ಹೊರಟು, ನಿನ್ನನ್ನು ಮೀರಜಿಗೆ ಕರೆದುಕೊಂಡು ಹೋಗುತ್ತೇನೆ. ಎರಡಕ್ಕೂ ತಯಾರಾಗಿದ್ದೇನೆ. ಚೀಲ ಕಟ್ಟಿದೆ, ಬಳಪದ ಗುರುತೂ ಹಾಕಿದೆ.

ಗುರುತು ಹಾಕಿದ್ದು ‘ಬಿಡು’ ಎಂಬ ಮಾತಿಗೆ ಎಂಬುದನ್ನು ಮಾತ್ರ ಮರೆಯಬೇಡ. ಬಳಪದ ಒಂದು ಗೆರೆಯನ್ನೂ ನಾನು ಅಳಿಸಿ ಮತ್ತೆ ಎಳೆಯಲಿಲ್ಲ.

ಫೋನು ಮಾಡು ಮಾಬೂ. ಒಂದೇ ಮಾತು. ಬೆಳಗಾಗುವುದರೊಳಗೆ ಮಾಡು.

ನಿನ್ನ
ದಾನಿ